ಬಸಿರು, ಹೆರಿಗೆ, ಬಾಣಂತನ: ಕೊಡಗಿನ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಕೊಡಗಿನ ಉಪಕೇಂದ್ರಗಳಲ್ಲಿ ಸಿಸ್ಟರ್ ಆಗಿದ್ದೆ. ಕೈಗೆ ಬಿ.ಪಿ. ಪಟ್ಟಿ ಸುತ್ತುವಾಗ ಮೆಲ್ಲಗೆ ಕೇಳುತ್ತಿದ್ದ ಪ್ರಶ್ನೆಗಳು ಇವು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿರುವಾಗ ಮಾತ್ರ ಕೇಳಿದ್ದೂ ಕೆಲವಿವೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ. ರಾತ್ರಿ ದಾರಿಯಲ್ಲಿ ಆನೆ. ಪೇಟೆಯಲ್ಲಿ ಒಂದು ಗಂಟೆ ತಡವಾದರೆ ನಡೆದುಹೋಗುತ್ತದೆ, ಇಲ್ಲಿ ಆ ಒಂದು ಗಂಟೆ ದುಬಾರಿ. ಅದಕ್ಕೇ ನನ್ನ ಉತ್ತರಗಳಲ್ಲಿ "ಸ್ವಲ್ಪ ಮೊದಲೇ" ಅನ್ನುವ ಮಾತು ಜಾಸ್ತಿ ಬರುತ್ತದೆ.

ಮಗು ಬೇಕು ಅಂತ ಈಗಷ್ಟೇ ಯೋಚನೆ ಮಾಡ್ತಿದ್ದೇವೆ. ಈಗಲೇ ಡಾಕ್ಟರ ಹತ್ತಿರ ಹೋಗಬೇಕಾ?

ಹೋಗಿ. ಮಗುವಿನ ಮೆದುಳು, ಬೆನ್ನುಹುರಿಯ ಬುಡ ಕಟ್ಟುವುದು ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲಿ. ಮುಟ್ಟು ನಿಂತಿದೆ ಅಂತ ನಿಮಗೆ ಗೊತ್ತಾಗುವ ಹೊತ್ತಿಗೆ ಆ ಕೆಲಸ ಅರ್ಧ ಮುಗಿದಿರುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಸಿಡ್ ಮಾತ್ರೆಯನ್ನು ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಬೇಕು. ದಿನಕ್ಕೆ 400 ಮೈಕ್ರೋಗ್ರಾಂ, ಮೂರು ತಿಂಗಳು ತುಂಬುವವರೆಗೆ. ಬೆಲೆ ತುಂಬಾ ಕಡಿಮೆ.

ಜೊತೆಗೆ ರಕ್ತದ ಪ್ರಮಾಣ, ಬ್ಲಡ್ ಗ್ರೂಪ್, ಶುಗರ್, ಥೈರಾಯ್ಡ್, ಬಿ.ಪಿ. ನೋಡಿಸಿ. ಮೂರ್ಛೆಗೋ ಬಿ.ಪಿ.ಗೋ ಮಾತ್ರೆ ತಗೊಳ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಬದಲಿ ಮಾತ್ರೆ ಕೊಡುತ್ತಾರೆ. ನೀವೇ ನಿಲ್ಲಿಸಬೇಡಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಈಗ ಹಾಕಿಸಿಕೊಂಡು ಒಂದು ತಿಂಗಳು ಬಿಟ್ಟು ಮಗುವಿಗೆ ಪ್ರಯತ್ನಿಸಿ. ಬಸಿರು ನಿಂತ ಮೇಲೆ ಆ ಲಸಿಕೆ ಕೊಡುವುದಿಲ್ಲ. ಗಂಡನನ್ನೂ ಕರೆದುಕೊಂಡು ಹೋಗಿ. ಬೀಡಿ, ಸಿಗರೇಟು, ಕುಡಿತದ ಮಾತು ಡಾಕ್ಟರ ಬಾಯಿಂದ ಬಂದರೆ ಅದಕ್ಕೆ ಬೇರೆಯೇ ತೂಕ.

ನಮ್ಮ ಹಾಡಿಗೆ (ಬುಡಕಟ್ಟಿನವರ ಕೇರಿಗೆ) ಬಂದು ಸಿಕಲ್ ಸೆಲ್ ಅಂತ ರಕ್ತ ತಗೊಂಡು ಹೋದರು. ಅದೇನು?

ರಕ್ತದ ಕೆಂಪುಕಣ ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗುವ ಕಾಯಿಲೆ. ತಂದೆ-ತಾಯಿಯಿಂದ ಬರುತ್ತದೆ, ಅಂಟುವುದಿಲ್ಲ. ಯರವರು, ಜೇನು ಕುರುಬರು, ಬೆಟ್ಟ ಕುರುಬರಂಥ ಬುಡಕಟ್ಟು ಸಮುದಾಯಗಳಲ್ಲಿ ಇದು ಸಿಗುತ್ತದೆ ಅನ್ನುವ ಕಾರಣಕ್ಕೆ ಪರೀಕ್ಷೆ ಮಾಡುತ್ತಾರೆ. 2023ರಲ್ಲಿ ದೇಶದಾದ್ಯಂತ ಇದಕ್ಕೇ ಒಂದು ಕಾರ್ಯಕ್ರಮ ಶುರುವಾಯಿತು. ಗಂಡ-ಹೆಂಡತಿಯಲ್ಲಿ ಒಬ್ಬರಲ್ಲಿ ಮಾತ್ರ ಆ ಕಾಯಿಲೆಯ ಅಂಶ ಇದ್ದರೆ ಮಗುವಿಗೆ ಕಾಯಿಲೆ ಬರುವುದಿಲ್ಲ. ಇಬ್ಬರಲ್ಲೂ ಅಂಶ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಪರೀಕ್ಷೆಯ ಫಲ ಬರೆದು ಕೊಡುವ ಕಾರ್ಡ್ ಎಸೆಯಬೇಡಿ. ಬಸುರಿಗೇ ಆ ಕಾಯಿಲೆ ಇದ್ದರೆ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಐರನ್ ಮಾತ್ರೆಯನ್ನೂ ಡಾಕ್ಟರು ಹೇಳಿದಷ್ಟೇ ತಗೊಳ್ಳಬೇಕು.

ಮೂರು ತಿಂಗಳು ತುಂಬುವ ಮೊದಲು ಯಾರಿಗೂ ಹೇಳಬಾರದು ಅಂತಾರೆ ಅತ್ತೆ. ತಾಯಿ ಕಾರ್ಡ್ ಆಮೇಲೆ ಮಾಡಿಸಿದರೆ ಆಗಲ್ವಾ?

ಊರಿಗೆ ಹೇಳಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಅವರು ಡಂಗುರ ಹೊಡೆಯಲ್ಲ. ನೋಂದಣಿ 12 ವಾರದೊಳಗೆ ಆಗಬೇಕು. ಆಮೇಲೆ 14ರಿಂದ 26 ವಾರದೊಳಗೆ ಒಂದು, 28ರಿಂದ 34ರೊಳಗೆ ಒಂದು, 36 ದಾಟಿದ ಮೇಲೆ ಒಂದು. ಒಟ್ಟು ನಾಲ್ಕು ತಪಾಸಣೆ ಅಂದರೆ ಅದು ಕನಿಷ್ಠ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಂತಲೇ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಅವತ್ತು ಕೂಲಿ ಬಿಟ್ಟಾದರೂ ಹೋಗಿ.

ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರು "ನಮ್ಮ ಆಧಾರ್ ಇಲ್ಲಿಯದಲ್ಲ" ಅಂತ ಹಿಂಜರಿಯುತ್ತಾರೆ. ತಪಾಸಣೆಗೆ ಊರು ಅಡ್ಡ ಬರುವುದಿಲ್ಲ. ನಿಮ್ಮ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆಯಲ್ಲಿ) ಅಂಥವರಿದ್ದರೆ ಕೈ ಹಿಡಿದು ಕರೆದುಕೊಂಡು ಬನ್ನಿ.

ಸ್ಕ್ಯಾನಿಂಗ್ ಎಷ್ಟು ಸಲ?

ತೊಂದರೆ ಏನೂ ಇಲ್ಲದಿದ್ದರೆ ಎರಡು ಮೂರು ಸಾಕು. 11ರಿಂದ 14 ವಾರದ ನಡುವೆ ಒಂದು, 18ರಿಂದ 20ರ ಹೊತ್ತಿಗೆ ಅಂಗಾಂಗ ನೋಡುವ ಒಂದು. ಗಂಡೋ ಹೆಣ್ಣೋ ಅಂತ ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ. ಗಂಡು ಹುಟ್ಟಿದರೆ ಕೋವಿಯಲ್ಲಿ ಒಂದು ಗುಂಡು ಹಾರಿಸುವ ಪದ್ಧತಿ ನಮ್ಮ ಐನ್‌ಮನೆಗಳಲ್ಲಿ (ಕುಟುಂಬದ ಮೂಲ ಮನೆಗಳಲ್ಲಿ) ಇತ್ತು. ಈಗ ಹೆಣ್ಣು ಹುಟ್ಟಿದರೂ ಹಾರಿಸಲಿ ಅನ್ನುವುದು ನನ್ನ ಆಸೆ.

ಕಾಫಿ ಬಿಡಬೇಕಾ?

ಇದನ್ನು ಕೇಳದ ಬಸುರಿಯನ್ನು ನಾನು ಕೊಡಗಿನಲ್ಲಿ ನೋಡಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ?

ಬಿಡಬೇಕಾಗಿಲ್ಲ, ಲೆಕ್ಕ ಇಡಬೇಕು. ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಬೇಡ ಅಂತ ಡಾಕ್ಟರುಗಳು ಹೇಳುತ್ತಾರೆ. ಜಾಸ್ತಿಯಾದರೆ ಮಗುವಿನ ತೂಕ ಕಡಿಮೆಯಾಗುವ, ಗರ್ಭ ಹೋಗುವ ಭಯ ಇದೆ. ಆದರೆ ಆ 200 ನಮ್ಮ ಮನೆಯಲ್ಲಿ ಬೇಗ ತುಂಬುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ದುಪ್ಪಟ್ಟು. ದಕ್ಷಿಣ ಕೊಡಗಿನ ತೋಟಗಳಲ್ಲಿ ರೋಬಸ್ಟಾನೇ ಜಾಸ್ತಿ. ಮನೆಯ ಕಣದಲ್ಲಿ ಒಣಗಿಸಿ, ಕಪ್ಪಗೆ ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿದ ಕಾಫಿಯ ಒಂದು ದೊಡ್ಡ ಲೋಟವೂ ಹೋಟೆಲಿನ ಹಾಲು ಕಾಫಿಯೂ ಒಂದೇ ಅಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಬೆರೆಸಿದ ಪುಡಿ ಸ್ವಲ್ಪ ಹಗುರ. ಟೀಯಲ್ಲೂ ಕೆಫೀನ್ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ನಾನು ಹೇಳುವುದು ಇಷ್ಟು: ದಿನಕ್ಕೆ ಎರಡು ಚಿಕ್ಕ ಲೋಟ, ಹಾಲು ಹಾಕಿ, ತಿಳಿಯಾಗಿ. ಒಂದು ಬೆಳಿಗ್ಗೆ, ಒಂದು ಸಂಜೆ. ನೆಂಟರ ಮನೆಗೆ ಹೋದರೆ ಲೋಟ ಬೇಡ ಅನ್ನುವುದು ಕಷ್ಟ, ಗೊತ್ತು. ಬಿಸಿನೀರಿಗೆ ಬೆಲ್ಲ, ಕರಿಮೆಣಸು, ಶುಂಠಿ ಹಾಕಿ ಕೊಡಿ ಅನ್ನಿ. ಮಳೆಗೆ ಅದೂ ಚೆನ್ನಾಗಿರುತ್ತೆ. ಊಟದ ಜೊತೆಗೂ ಐರನ್ ಮಾತ್ರೆಯ ಜೊತೆಗೂ ಮಾತ್ರ ಕಾಫಿ ಬೇಡವೇ ಬೇಡ.

ಐರನ್ ಮಾತ್ರೆ ತಿಂದರೆ ವಾಂತಿ ಬರುತ್ತೆ, ಹೊರಗಡೆ (ಮಲ) ಕಪ್ಪಗಾಗುತ್ತೆ. ಬಿಟ್ಟರೆ ಏನಾಗುತ್ತೆ?

ಒಮ್ಮೆ ಒಂದು ಲೈನ್ ಮನೆಗೆ ಹೋಗಿದ್ದೆ. ಏಳು ತಿಂಗಳ ಬಸುರಿ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ಒಳಗೆ ಕಾಗದದ ಹಾಗೆ ಬಿಳಿ. "ಮಾತ್ರೆ ತಿಂತಿದ್ದೀಯಾ?" ಅಂದೆ. "ದಿನಾ ತಿಂತೀನಿ ಸಿಸ್ಟರ್." ಒಲೆಯ ಮೇಲಿನ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅವಳ ಐದು ವರ್ಷದ ಮಗ ಅದನ್ನು ತಂದು ನನ್ನ ಮುಂದೆ ತೆಗೆದ. ಒಳಗೆ ಮೂರು ತಿಂಗಳ ಕೆಂಪು ಮಾತ್ರೆ, ಸ್ಟ್ರಿಪ್ ಕೂಡ ಹರಿದಿರಲಿಲ್ಲ, ಮೇಲೆ ಹೊಗೆಯ ಮಸಿ. ಅವಳು ತಲೆ ತಗ್ಗಿಸಿದಳು. "ಒಂದು ವಾರ ತಿಂದೆ. ಬೆಳಿಗ್ಗೆ ಕಾಫಿ ಜೊತೆ ನುಂಗಿದ ತಕ್ಷಣ ಎಲ್ಲ ಹೊರಗೆ ಬರ್ತಿತ್ತು" ಅಂದಳು. ತಪ್ಪು ಅವಳದ್ದಲ್ಲ. ಹೇಗೆ ತಿನ್ನಬೇಕು ಅಂತ ನಾವು ಹೇಳಿರಲಿಲ್ಲ, ಕೈಗೆ ಕೊಟ್ಟು ಕಳಿಸಿದ್ದೆವು.

ಹೇಗೆ ಅಂದರೆ: ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ಮಲಗುವ ಮೊದಲು, ನಿಂಬೆಹಣ್ಣಿನ ನೀರಿನ ಜೊತೆ. ಹುಳಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಕಾಫಿ, ಟೀ, ಹಾಲು ಒಂದೆರಡು ಗಂಟೆ ಹತ್ತಿರ ಸುಳಿಯಬಾರದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ, ಊಟದ ಜೊತೆ ತಗೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ. ಹೊರಗಡೆ ಕಪ್ಪಗಾಗುವುದು ಸಹಜ, ಹೆದರಬೇಡಿ.

ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ದಿನಕ್ಕೆ ಎರಡು ಕೊಡಬಹುದು, ಇಲ್ಲವೇ ನರಕ್ಕೆ ಹಾಕುವ ಐರನ್ ಕೊಡಬಹುದು. 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆ ಸೇರಬೇಕು. ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಪ್ರಾಣಕ್ಕೇ ಬರುತ್ತದೆ. ನಾಲ್ಕನೇ ತಿಂಗಳ ನಂತರ ಒಂದು ಸಲ ಜಂತುಹುಳದ ಮಾತ್ರೆಯನ್ನೂ ಕೊಡುತ್ತಾರೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಸುಲಭವಾಗಿ ಹತ್ತುತ್ತದೆ, ಅದೂ ರಕ್ತ ಹೀರುತ್ತದೆ. ಚಪ್ಪಲಿ ಹಾಕಿ.

ಪಂದಿ ಕರಿ, ಕಣಿಲೆ, ಅಣಬೆ, ಮದ್ದು ಸೊಪ್ಪು. ಬಸುರಿ ಏನು ತಿನ್ನಬಹುದು?

ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ತಿನ್ನಬಹುದು. ಚೆನ್ನಾಗಿ ಬೇಯಬೇಕು, ಅಷ್ಟೇ. ಅರೆಬೆಂದ ಮಾಂಸದಲ್ಲಿ ಮಗುವಿಗೆ ತೊಂದರೆ ಮಾಡುವ ಪರಾವಲಂಬಿಗಳು ಇರಬಹುದು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸವನ್ನು ಹಾಗೇ ಸುಟ್ಟು ಬಾಯಿಗೆ ಹಾಕಬೇಡಿ, ಬೇಯಿಸಿ ತಿನ್ನಿ. ಹಸಿ ಮಾಂಸ ಹೆಚ್ಚಿದ ಕೈ, ಕತ್ತಿ, ಮಣೆ ಸೋಪಿನಲ್ಲಿ ತೊಳೆಯಿರಿ. ಅದಕ್ಕೆ ಹಾಕುವ ಕಪ್ಪು ಹುಳಿ, ಕಾಚಂಪುಳಿಗೆ ಹೆದರಬೇಕಾಗಿಲ್ಲ.

ಕಣಿಲೆಯಲ್ಲಿ (ಎಳೆ ಬಿದಿರಿನಲ್ಲಿ) ಹಸಿಯಾಗಿದ್ದಾಗ ವಿಷದ ಅಂಶ ಇರುತ್ತದೆ. ನಮ್ಮ ಅಜ್ಜಿಯರು ಹೆಚ್ಚಿ ನೀರಲ್ಲಿ ನೆನೆಹಾಕಿ, ನೀರು ಬದಲಿಸಿ ಬದಲಿಸಿ ಆಮೇಲೆ ಬೇಯಿಸುತ್ತಿದ್ದದ್ದು ಇದಕ್ಕೇ. ಆ ಕೆಲಸಕ್ಕೆ ಅಡ್ಡದಾರಿ ಹಿಡಿಯಬೇಡಿ. ಕಾಡಿನ ಅಣಬೆ ವಿಷಯದಲ್ಲಿ ನಾನು ಗಟ್ಟಿ: ಬಸುರಿಗೆ ಬೇಡ. ಗುರುತು ಹಿಡಿಯುವವರು ಎಷ್ಟೇ ಪಳಗಿದವರಾಗಿರಲಿ.

ಮದ್ದು ಸೊಪ್ಪಿನ ಕಥೆ ಬೇರೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರಕ್ಕೆ, ಅದರ ನೇರಳೆ ಪಾಯಸ ಮಾಡದ ಮನೆ ಕಡಿಮೆ. ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ. ಒಬ್ಬಳು ಆರು ತಿಂಗಳ ಬಸುರಿ ಅದನ್ನು ನೋಡಿ ರಕ್ತ ಹೋಗ್ತಿದೆ ಅಂತ ಅಳುತ್ತಾ ಮಳೆಯಲ್ಲಿ ಜೀಪು ಹತ್ತಿ ಬಂದಿದ್ದಳು. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಆದರೆ ನಿಜವಾಗಿ ರಕ್ತ ಹೋಗಿದ್ದರೆ "ಪಾಯಸ ಇರಬೇಕು ಬಿಡು" ಅಂತ ಮನೆಯಲ್ಲೇ ಕೂರುವ ಅಪಾಯವೂ ಇತ್ತಲ್ವಾ? ಅದಕ್ಕೇ ಬಸುರಿಗೆ ಆ ವರ್ಷ ಬೇಡ ಅನ್ನುತ್ತೇನೆ.

ಉಳಿದಂತೆ ಮೊಟ್ಟೆ, ಬೇಳೆ, ಹೆಸರುಕಾಳು, ಬಸಳೆ, ನುಗ್ಗೆ ಸೊಪ್ಪು, ಮತ್ತಿ, ಬಂಗುಡೆ ಧಾರಾಳವಾಗಿ ತಿನ್ನಿ. ಶಾರ್ಕ್‌ನಂಥ ದೊಡ್ಡ ಮೀನು ಬೇಡ, ಅದರಲ್ಲಿ ಪಾದರಸ ಜಾಸ್ತಿ. "ಇಬ್ಬರ ಊಟ" ಅಂತ ಎರಡು ತಟ್ಟೆ ಬೇಕಾಗಿಲ್ಲ. ದಿನಕ್ಕೆ 350 ಕ್ಯಾಲರಿಯಷ್ಟು ಜಾಸ್ತಿ ಸಾಕು. ಅಂಗನವಾಡಿಯಲ್ಲಿ ಸರ್ಕಾರದ ಮಾತೃಪೂರ್ಣ ಯೋಜನೆಯ ಬಿಸಿ ಊಟ ಇದೆ, ಬಸುರಿಗೂ ಬಾಣಂತಿಗೂ. ಸಂಕೋಚ ಬೇಡ.

ಪಪ್ಪಾಯ? ಕೇಸರಿ?

ಪೂರ್ತಿ ಹಣ್ಣಾದ ಪಪ್ಪಾಯ ಸರಿ, ಹಾಲು ಸುರಿಯುವ ಕಾಯಿ ಬೇಡ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ, ಜೇಬು ಹಗುರಾಗುತ್ತದೆ.

ಮದುವೆ ಮನೆಯಲ್ಲಿ ಒಂದು ಚೂರು ವೈನ್?

ಬೇಡ. ಮನೆಯಲ್ಲೇ ಮಾಡಿದ ವೈನ್ ಆದರೂ ಬೇಡ. ಬಸುರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ. ವಾಲಗಕ್ಕೆ ಹೆಜ್ಜೆ ಹಾಕಿ, ಅದಕ್ಕೆ ಅಡ್ಡಿ ಇಲ್ಲ.

ಎಷ್ಟು ತಿಂಗಳವರೆಗೆ ತೋಟದ ಕೆಲಸ ಮಾಡಬಹುದು?

ಮೈಗೆ ಕೆಲಸ ಒಳ್ಳೆಯದೇ. ಯಾವ ಕೆಲಸ ಅನ್ನುವುದು ಮುಖ್ಯ. ಕಾಫಿ ಕುಯ್ಯುವುದು, ಕಣದಲ್ಲಿ ಕೂತು ಹೆಕ್ಕುವುದು ಸರಿ. ತುಂಬಿದ ಚೀಲ ತಲೆಗೆ ಏರಿಸುವುದು, ಮೆಣಸಿಗೆ ಏಣಿ ಹತ್ತುವುದು, ಜಾರುವ ಇಳಿಜಾರಿನಲ್ಲಿ ಕಳೆ ಕೊಚ್ಚುವುದು ಬೇಡ. ಔಷಧಿ ಹೊಡೆಯುವ ಕಡೆ ಹೋಗಲೇಬೇಡಿ. ಕಾಯಿಕೊರಕಕ್ಕೆ ಹೊಡೆಯುವ ಕೀಟನಾಶಕ ಇರಲಿ, ಕಳೆನಾಶಕ ಇರಲಿ, ಮಳೆಗೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣ ಇರಲಿ, ಕಲಸುವುದೂ ಬೇಡ, ನೀರು ಹೊರುವುದೂ ಬೇಡ. ಗಂಡ ಹೊಡೆದು ಬಂದಿದ್ದರೆ ಅವನ ಬಟ್ಟೆ ಅವನೇ ಬೇರೆಯಾಗಿ ತೊಳೆಯಲಿ. ತೋಟದ ಲೆಕ್ಕ ಬರೆಯುವ ರೈಟರಿಗೆ ಮೊದಲೇ ಹೇಳಿ ಕೆಲಸ ಬದಲಿಸಿಕೊಳ್ಳಿ. ಹೇಳಲು ಮುಜುಗರವಾದರೆ ತಾಯಿ ಕಾರ್ಡ್ ತೋರಿಸಿ.

ಜಿಗಣೆ ಕಚ್ಚಿದರೆ ಮಗುವಿಗೆ ಏನಾದರೂ ಆಗುತ್ತಾ?

ಇಲ್ಲ. ಉಗುರಲ್ಲಿ ಮೆಲ್ಲಗೆ ಬಿಡಿಸಿ, ಸೋಪು ನೀರಲ್ಲಿ ತೊಳೆಯಿರಿ. ನಾನು ಹೆದರುವುದು ಜಿಗಣೆಗಲ್ಲ, ಇಲಿ ಜ್ವರಕ್ಕೆ. ಇಲಿ, ದನದ ಮೂತ್ರ ಸೇರಿದ ಕೆಸರು ನೀರಿನಿಂದ ಕಾಲಿನ ಗಾಯದ ಮೂಲಕ ಬರುತ್ತದೆ. ಗದ್ದೆ ನಾಟಿ ಹೊತ್ತಲ್ಲಿ ಬಸುರಿಗೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ಅದೇ ದಿನ ಆಸ್ಪತ್ರೆಗೆ. ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗಬೇಡಿ, ಇಲಿ ಜ್ವರಕ್ಕೆ ಬೇರೆಯವರಿಗೆ ಕೊಡುವ ಮಾತ್ರೆಯೇ ಬಸುರಿಗೆ ಆಗುವುದಿಲ್ಲ. ಕುಡಿಯುವ ನೀರು ಕುದಿಸಿಯೇ ಕುಡಿಯಿರಿ.

ಕಾಲು ಊದಿದೆ. ಎಲ್ಲ ಬಸುರಿಯರಿಗೂ ಊದುತ್ತೆ ಅಂತಾರೆ, ಹೌದಾ?

ಸಂಜೆ ಹೊತ್ತಿಗೆ ಪಾದ ಊದಿ ಬೆಳಿಗ್ಗೆ ಇಳಿದರೆ ಹೌದು. ಮುಖ, ಬೆರಳು ಊದಿದರೆ, ಉಂಗುರ ಬಿಗಿಯಾದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಬಂದರೆ ಬಿ.ಪಿ. ನೋಡಿಸಬೇಕು. ನಾಳೆ ಅಲ್ಲ, ಇವತ್ತೇ.

ನನಗೇ ಆದದ್ದು ಹೇಳುತ್ತೇನೆ. ಎರಡನೇ ಬಸಿರು, 34ನೇ ವಾರ, ತವರಿಗೆ ಹೋಗಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದರೆ ಬಿ.ಪಿ. ನೋಡದೇ ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಟ್ಟು ಕಳಿಸಿದರು. ದಿನಾ ಹತ್ತು ಜನರ ಬಿ.ಪಿ. ನೋಡುವ ಸಿಸ್ಟರ್ ನಾನು, ನನ್ನದು ನೋಡಿ ಅನ್ನಲಿಲ್ಲ. ಸಿರಪ್ ಕುಡಿದು ಮಲಗಿದೆ. ಮಾರನೇ ದಿನ ತಂಗಿ ಹಟ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ 160/110. ಮಗು ಬೇಗ ಹುಟ್ಟಿತು, ಇಬ್ಬರೂ ಉಳಿದೆವು. 140/90 ಮುಟ್ಟಿದರೇ ಅದು ಜಾಸ್ತಿ ಬಿ.ಪಿ. ಬಸುರಿ ಎಲ್ಲಿಗೇ ಹೋಗಲಿ, ಯಾವ ನೋವಿಗೇ ಹೋಗಲಿ, "ಒಮ್ಮೆ ಬಿ.ಪಿ. ನೋಡಿ" ಅಂತ ಬಾಯಿಬಿಟ್ಟು ಕೇಳಿ. ಈ ಬಿ.ಪಿ. ಹೆರಿಗೆಯಾದ ಮೇಲೂ ಏರಬಹುದು, ಫಿಟ್ಸ್ ಬರಬಹುದು. ಹಾಗಾಗಿ ಬಾಣಂತಿಯ ತಲೆನೋವನ್ನೂ ಥಂಡಿ ಅಂದು ತಳ್ಳಿಹಾಕಬೇಡಿ.

ಸಿಹಿ ನೀರು ಕುಡಿಸಿ ರಕ್ತ ತೆಗೀತಾರಲ್ಲ, ಅದು ಯಾಕೆ?

ಬಸಿರಿನಲ್ಲಿ ಮಾತ್ರ ಬರುವ ಶುಗರ್ ಕಾಯಿಲೆ ಹಿಡಿಯಲು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ. 140 ಅಥವಾ ಜಾಸ್ತಿ ಬಂದರೆ ಶುಗರ್ ಇದೆ ಅಂತ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದಲ್ಲಿ ಇನ್ನೊಮ್ಮೆ. ನಮ್ಮ ಊಟವೇ ಅಕ್ಕಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬಿಟ್ಟು (ಅಕ್ಕಿ ತರಿಯ ಉಂಡೆ). ಶುಗರ್ ಬಂದರೆ ಅದನ್ನೆಲ್ಲ ಬಿಡಬೇಕಾಗಿಲ್ಲ. ಕಡಂಬಿಟ್ಟು ಐದರ ಬದಲು ಎರಡು, ಉಳಿದ ಜಾಗಕ್ಕೆ ಪಲ್ಯ, ಕಾಳು, ಮೊಟ್ಟೆ. ಊಟವಾದ ಮೇಲೆ ಅಂಗಳದಲ್ಲಿ ಹತ್ತು ಹದಿನೈದು ನಿಮಿಷ ನಡೆದಾಡಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ, ಯಾಕೆಂದರೆ ಇಂಥವರಿಗೆ ಮುಂದೆ ಶುಗರ್ ಬರುವ ಸಾಧ್ಯತೆ ಜಾಸ್ತಿ.

ನನ್ನ ದಿನ ತುಂಬುವುದು ಆಗಸ್ಟ್‌ನಲ್ಲಿ. ಏನು ಮಾಡಲಿ?

2018, 2019, 2020. ಮೂರು ವರ್ಷವೂ ಆಗಸ್ಟ್‌ನಲ್ಲೇ ನಮ್ಮ ಬೆಟ್ಟ ಜಾರಿದ್ದು. 2018ರಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ದಾರಿಯೇ ಇಲ್ಲದಂತಾಗಿತ್ತು. ಹಾಗಾಗಿ ಆಗಸ್ಟ್ ಹೆರಿಗೆಗೆ ಮೇ ತಿಂಗಳಲ್ಲೇ ತಯಾರಾಗಿ.

37 ವಾರ ಮುಟ್ಟುವ ಹೊತ್ತಿಗೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆ ಸೇರಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಎಲ್ಲಾದರೂ ಸರಿ. "ಹದಿನೈದು ದಿನ ಅವರ ಮನೆಯಲ್ಲಿ ಹೇಗಿರೋದು" ಅನ್ನುವ ಸಂಕೋಚ ನನಗೂ ಅರ್ಥವಾಗುತ್ತದೆ. ಒಂದು ಚೀಲ ಅಕ್ಕಿ, ಒಂದು ಬಾಳೆಗೊನೆ ಹಿಡಿದುಕೊಂಡು ಹೋಗಿ. ಹೊಳೆ ದಾಟುವ, ಕಾಲುಸಂಕದ, ಆನೆ ದಾರಿಯ ಮನೆಯವರು ಇದನ್ನು ಮಾಡಲೇಬೇಕು.

108ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಆದರೆ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟಿರಿ. ಮೇಲಿನ ತೋಟದ ಬಂಡೆಯ ಮೇಲೋ, ರಸ್ತೆಯ ತಿರುವಿನಲ್ಲೋ. ಇಬ್ಬರು ಜೀಪಿನವರ ನಂಬರ್ ಗೋಡೆಯ ಮೇಲೆ ಬರೆದಿಡಿ, ಒಬ್ಬರದ್ದು ಸಾಲದು. ಕರೆಂಟ್ ವಾರಗಟ್ಟಲೆ ಹೋಗುತ್ತೆ, ಮೊಬೈಲ್ ಚಾರ್ಜ್ ಖಾಲಿ ಆಗಲು ಬಿಡಬೇಡಿ. ನಿಮ್ಮ ಬ್ಲಡ್ ಗ್ರೂಪಿನ ಇಬ್ಬರ ಹೆಸರು ಗೊತ್ತಿರಲಿ. ಗ್ರೂಪ್ ನೆಗೆಟಿವ್ ಆಗಿದ್ದು ಗಂಡನದ್ದು ಪಾಸಿಟಿವ್ ಆಗಿದ್ದರೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು.

ಬಿ.ಪಿ., ಅವಳಿ, ಹಿಂದೆ ಸಿಸೇರಿಯನ್, ರಕ್ತ ಕಡಿಮೆ, ಇದರಲ್ಲಿ ಒಂದು ಇದ್ದರೂ ತಾಲೂಕು ಆಸ್ಪತ್ರೆಯಲ್ಲಿ ಕಾದು ಕೂರದೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಮೊದಲೇ ತೋರಿಸಿ. ಅಲ್ಲಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ಸುಮಾರು 120 ಕಿಲೋಮೀಟರ್. ನೋವು ತಿನ್ನುತ್ತಾ ಆ ದಾರಿ ಹಿಡಿಯುವುದು ಬೇಡ, ಅಲ್ವಾ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಹೋಗಿ ಬರುವ ಗಾಡಿ ಎಲ್ಲ ಉಚಿತ, 2011ರಿಂದ. ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ.

ನೋವು ನಿಜವಾದದ್ದು ಅಂತ ಹೇಗೆ ಗೊತ್ತಾಗುತ್ತೆ?

ಸುಳ್ಳು ನೋವು ಮಗ್ಗುಲಾದರೆ, ನಡೆದರೆ ಕಡಿಮೆಯಾಗುತ್ತದೆ. ನಿಜದ್ದು ಸೊಂಟದಿಂದ ಮುಂದಕ್ಕೆ ಬಂದು, ಸಮವಾದ ಹೊತ್ತಿಗೆ, ಜಾಸ್ತಿಯಾಗುತ್ತಾ ಹೋಗುತ್ತದೆ. ಪೇಟೆಯವರಿಗೆ ಐದು ನಿಮಿಷಕ್ಕೊಮ್ಮೆ ಬಂದಾಗ ಹೊರಡಿ ಅನ್ನುತ್ತಾರೆ. ನೀವು ಹತ್ತು ನಿಮಿಷಕ್ಕೇ ಹೊರಡಿ. ಎರಡನೇ ಹೆರಿಗೆಯಾದರೆ ಇನ್ನೂ ಬೇಗ. ನೀರು ಒಡೆದರೆ, ರಕ್ತ ಕಂಡರೆ, ಮಗು ಯಾವತ್ತಿನಷ್ಟು ಒದೆಯುತ್ತಿಲ್ಲ ಅನಿಸಿದರೆ, ನೋವಿರಲಿ ಬಿಡಲಿ, ಹೊರಡಿ.

ಬಾಣಂತಿ ನೀರು ಕುಡಿಯಬಾರದು, ಕೆಂಡದ ಹತ್ತಿರ ಮಲಗಬೇಕು, ಬ್ರಾಂದಿ ಕುಡಿಯಬೇಕು. ಯಾವುದು ಸರಿ?

ಬಿಸಿನೀರಿನ ಸ್ನಾನ, ಎಣ್ಣೆ ನೀವುವುದು, ಬೆಳ್ಳುಳ್ಳಿ, ನಾಟಿ ಕೋಳಿ ಸಾರು, ಮನೆಯ ಹೆಂಗಸರೆಲ್ಲ ಸುತ್ತ ಇರುವುದು, ಇದೆಲ್ಲ ಒಳ್ಳೆಯದು. ಹಂಡೆ ನೀರು ಚರ್ಮ ಸುಡುವಷ್ಟು ಬೇಡ, ಸಿಸೇರಿಯನ್ ಗಾಯದ ಮೇಲೆ ರಭಸವಾಗಿ ಎರೆಯುವುದೂ ಬೇಡ.

ನೀರು ಕೊಡದಿರುವುದು ಶುದ್ಧ ತಪ್ಪು. ಹಾಲು ಎಲ್ಲಿಂದ ಬರಬೇಕು? ಬಾಯಾರಿದಾಗೆಲ್ಲ ಕುಡಿಯಲಿ, ಪ್ರತಿ ಸಲ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಚೊಂಬು ಇರಲಿ. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಜಾಸ್ತಿ ಬೇಕು, ಬಸಿರಿನಲ್ಲಿ ಬೇಕಿದ್ದದ್ದಕ್ಕಿಂತಲೂ ಹೆಚ್ಚು. ಬರೀ ಅನ್ನ, ಮೆಣಸಿನ ಸಾರಿನ ಪಥ್ಯದಲ್ಲಿ ಅದು ಸಿಗಲ್ಲ.

ಕೆಂಡದ ಮಾತು ಗಂಭೀರ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ವಾಸನೆ ಬರುವುದಿಲ್ಲ, ಎಚ್ಚರ ಆಗುವುದಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆಯೂ ಬೇಡ. ಬೆಚ್ಚಗಿಡಬೇಕಾದರೆ ತಾಯಿಯ ಎದೆಗೆ ಅಂಟಿಸಿ ಕಂಬಳಿ ಹೊದಿಸಿ, ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಬ್ರಾಂದಿ ಎದೆಹಾಲಿಗೆ ಇಳಿಯುತ್ತದೆ. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ಬೇಡ ಅನ್ನಿ.

ಹಾಸಿಗೆ ಬಿಟ್ಟು ಏಳದಿರುವುದೂ ಸರಿಯಲ್ಲ, ಕಾಲಿನ ರಕ್ತ ಹೆಪ್ಪುಗಟ್ಟಬಹುದು. ಮನೆಯೊಳಗೇ ಓಡಾಡಲಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ಸ್ರಾವ ವಾಸನೆ ಬಂದರೆ, ಒಂದು ಕಾಲು ಮಾತ್ರ ಊದಿ ನೋಯಲು ಶುರುವಾದರೆ ಬಾಣಂತಿ ಮನೆ ಬಿಡಬಾರದು ಅನ್ನುವ ನಿಯಮ ಪಕ್ಕಕ್ಕಿಡಿ.

ಮಗುವಿಗೆ ಮೊದಲು ಜೇನು ನೆಕ್ಕಿಸಬಹುದಾ? ನಮ್ಮದೇ ಪೆಟ್ಟಿಗೆಯ ಶುದ್ಧ ಜೇನು.

ಕೊಡಗಿನ ಜೇನಿನ ಮೇಲೆ ನನಗೂ ಅಭಿಮಾನ. ಆದರೆ ಒಂದು ವರ್ಷ ತುಂಬುವವರೆಗೆ ಬೇಡ. ಶುದ್ಧ ಜೇನಿನಲ್ಲೂ ಒಂದು ರೋಗಾಣುವಿನ ಬೀಜ ಇರಬಹುದು. ದೊಡ್ಡವರಿಗೆ ಏನೂ ಆಗಲ್ಲ, ಎಳೆಗೂಸಿನ ನರ ಸೋಲುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಗಿಣ್ಣು ಹಾಲು ಕೊಡಿ. ಹಳದಿ ಇದೆ ಅಂತ ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಎದೆಹಾಲು ಮಾತ್ರ. ನೀರೂ ಬೇಡ, ಬಜೆಯೂ ಬೇಡ.

ಮಗು ಆರೋಗ್ಯವಾಗಿದೆ, ಎಲ್ಲ ಚೆನ್ನಾಗಿದೆ. ಆದರೂ ಸುಮ್ನೆ ಅಳು ಬರುತ್ತೆ.

ಮೊದಲ ಎರಡು ವಾರ ಹೀಗಾಗುವುದು ತುಂಬಾ ಜನರಿಗೆ. ನಿದ್ದೆ ಸಿಕ್ಕರೆ, ಯಾರಾದರೂ ಕಿವಿಗೊಟ್ಟರೆ ಇಳಿಯುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಾಗದಿದ್ದರೆ, ಸಾಯಬೇಕು ಅನಿಸಿದರೆ ಅದು ಕಾಯಿಲೆ, ಮದ್ದಿದೆ. ಸೊಕ್ಕಲ್ಲ, ದೃಷ್ಟಿಯಲ್ಲ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ಮಳೆಗಾಲದ ಬಾಣಂತಿಗೆ ಇದು ಇನ್ನೂ ಕಷ್ಟ. ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಣಗಲ್ಲ, ಯಾರೂ ಬರಲ್ಲ. ಅಕ್ಕಪಕ್ಕದವರೇ, ಕೊಡೆ ಹಿಡಿದು ಒಂದು ಸಲ ಹೋಗಿ ಬನ್ನಿ. ಮಗುವನ್ನಲ್ಲ, ಅವಳನ್ನು ಮಾತಾಡಿಸಿ.

ಇನ್ನೊಂದು ಮಗು ಯಾವಾಗ?

ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮಂಗಲ ಮಾಡಿ ಗೌರವಿಸುವ ಪದ್ಧತಿ ಕೊಡವರಲ್ಲಿ ಇತ್ತು. ಆ ಕಾಲದಲ್ಲಿ ಹೆರಿಗೆಯಲ್ಲಿ ಹೋದವರ ಲೆಕ್ಕ ಯಾರೂ ಇಡಲಿಲ್ಲ. ಈಗ ಕನಿಷ್ಠ ಎರಡು ವರ್ಷ ಬಿಟ್ಟು ಮತ್ತೆ ಬಸುರಿಯಾಗಿ. ಮುಟ್ಟು ಬರುವ ಮೊದಲೇ ಬಸಿರು ನಿಲ್ಲಬಹುದು, ಹಾಲೂಡಿಸುತ್ತಿದ್ದೇನೆ ಅಂತ ಪೂರ್ತಿ ನಂಬಬೇಡಿ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಅಂತರ ಇಂಜೆಕ್ಷನ್ ಇದೆ, ಛಾಯಾ ಮಾತ್ರೆ ಇದೆ. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ನಾನು ತೋಟದಲ್ಲಿ ದಿನಗೂಲಿ. ನನಗೂ ಹೆರಿಗೆ ರಜೆ ಇದೆಯಾ?

ಇದೆ. ಕಾನೂನಿನಲ್ಲಿ ಕಾರ್ಖಾನೆಯ ಹಾಗೆ ಪ್ಲಾಂಟೇಷನ್ ಕೂಡ ಸೇರಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಅದೇ ಮಾಲೀಕರ ಹತ್ತಿರ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಕೂಲಿ ಸಹಿತ ರಜೆ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತಗೊಳ್ಳಬಹುದು. ಹೆರಿಗೆಯಾದ ಆರು ವಾರ ಕೆಲಸಕ್ಕೆ ಕರೆಯುವಂತೆಯೇ ಇಲ್ಲ. ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು. ಚೆಕ್‌ರೋಲ್‌ನಲ್ಲಿ (ತೋಟದ ಹಾಜರಿ ಪುಸ್ತಕದಲ್ಲಿ) ನಿಮ್ಮ ಹೆಸರು ನಿಮ್ಮದಾಗಿಯೇ ಇದೆಯಾ ಅಂತ ಇವತ್ತೇ ನೋಡಿ. ಗಂಡನ ಹೆಸರಿನ ಕೆಳಗೆ ಸೇರಿಸಿ ಬರೆದಿದ್ದರೆ 80 ದಿನ ತೋರಿಸುವುದು ಕಷ್ಟವಾಗುತ್ತದೆ. ಇದರ ಜೊತೆಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅರ್ಜಿ ಅಂಗನವಾಡಿಯಲ್ಲಿ ಸಿಗುತ್ತದೆ. ತಾಯಿ ಕಾರ್ಡ್, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ.